ಮರಕ್ಕೆ ಜಾಮೀನು ನಿಂತವರು

ಪಕ್ಕದ ಮನೆಯ ಬಾಯಮ್ಮ ತಮ್ಮ ನೈಟಿಯ ಎದೆಯ ಮೇಲೆ ಒಂದು ಗಡಿಯಾರವನ್ನು ಪಿನ್ನು ಚುಚ್ಚಿ ತಲೆಕೆಳಗಾಗಿ ತೂಗಿಸಿಕೊಂಡಿರುತ್ತಿದ್ದರು. ನರ್ಸುಗಳು ಕೆಲಸದ ವೇಳೆಯಲ್ಲಿ ಹಾಕಿಕೊಳ್ಳುವ ಗಡಿಯಾರ ಅದು. ಗಲ್ಲ ತಗ್ಗಿಸಿ ನೋಡಿದರೆ ಅವರೊಬ್ಬರಿಗೆ ಮಾತ್ರ ನೆಟ್ಟಗೆ ಕಾಣುತ್ತಿತ್ತು. ಕುವೈಟಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಬಿಕರ್ನಕಟ್ಟೆಯ ತಮ್ಮನ ಮನೆಗೆ ಬಂದು ನೆಲೆಸಿದ ಮೇಲೂ ಅವರು ಅದನ್ನು ಬಿಡಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಕೂಡಲೇ ಗಡಿಯಾರಕ್ಕೆ ಸೀರೆಯಿಂದ ನೈಟಿಗೆ ವರ್ಗಾವಣೆ ಆಗುತ್ತಿತ್ತು. ಆಮೇಲೆ ಹಿತ್ತಲಿಗೆ ಬಂದು, ಮಾವಿನ ಮರದ ಕಾಂಡಕ್ಕೆ ಎಡಗೈ ಆನಿಸಿ, ಗಲ್ಲ ತಗ್ಗಿಸಿ ಗಡಿಯಾರ ನೋಡುತ್ತ ಅರ್ಧ ನಿಮಿಷ ನಿಲ್ಲುತ್ತಿದ್ದರು. ಮರದ ನಾಡಿ ನೋಡುವುದಂತೆ. ನನ್ನ ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿ ನಾನು ದಿನವೂ ಹಲ್ಲು ಕಡಿಯುತ್ತಿದ್ದೆ.

ಹಲ್ಲು ಕಡಿಯಲು ಕಾರಣವಿತ್ತು. ಆ ಮರ ನಾನು ಕೊಟ್ಟದ್ದು.

ಬಜಪೆಯ ನಮ್ಮ ಮನೆಯ ಅಂಗಳದ ತುದಿಯಲ್ಲಿ ಒಂದು ಮುಂಡಪ್ಪ ಮಾವಿನ ಮರವಿತ್ತು. ಮಂಗಳೂರಿನವರಿಗೆ ಮುಂಡಪ್ಪದ ಬಗ್ಗೆ ಹೇಳಬೇಕಾಗಿಲ್ಲ. ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು: ತೆಳ್ಳನೆಯ ಸಿಪ್ಪೆ, ನಾರು ಇಲ್ಲ, ಹಣ್ಣಾದ ಮೇಲೆ ಎರಡು ದಿನ ಕಾಯುವ ತಾಳ್ಮೆ ಅದಕ್ಕಿಲ್ಲ, ಹಾಗಾಗಿ ಊರು ಬಿಟ್ಟು ಹೋಗುವುದೂ ಕಡಿಮೆ. ವಿಮಾನ ನಿಲ್ದಾಣ ದೊಡ್ಡದಾಗುವಾಗ ನಮ್ಮ ಜಾಗವೂ ಹೋಗುತ್ತದೆ ಎಂದು ಖಚಿತವಾದ ದಿನ ಅಮ್ಮ ಪಾತ್ರೆ ಪಗಡೆಗಳ ಯೋಚನೆ ಬಿಟ್ಟು ಮೊದಲು ಕಸಿ ಕಟ್ಟುವವನಿಗೆ ಹೇಳಿ ಕಳಿಸಿದಳು. ಅವನು ಕಟ್ಟಿದ ಆರು ಕಸಿಗಳಲ್ಲಿ ಎರಡು ಬದುಕಿದವು. ಅಮ್ಮ ನನ್ನ ಮನೆಗೆ ಬಂದದ್ದು ಕಾರಿನ ಹಿಂದಿನ ಸೀಟಿನಲ್ಲಿ, ಎರಡು ಕಡೆಗೂ ಒಂದೊಂದು ಗಿಡ ಹಿಡಿದುಕೊಂಡು.

ನಮ್ಮ ಹಿತ್ತಲಿನಲ್ಲಿ ಒಂದೇ ಮರಕ್ಕೆ ಜಾಗವಿದ್ದದ್ದು. ಇನ್ನೊಂದನ್ನು ಪಕ್ಕದ ಮನೆಗೆ ಕೊಡು ಎಂದಳು ಅಮ್ಮ. ಕೊಡುವ ಮೊದಲು ನಾನು ಎರಡನ್ನೂ ಎದುರಿಗಿಟ್ಟುಕೊಂಡು ನೋಡಿದೆ. ಒಂದು ನೆಟ್ಟಗಿತ್ತು, ಆರು ಎಲೆ ಬಿಟ್ಟಿತ್ತು. ಇನ್ನೊಂದು ಸೊಟ್ಟಗೆ ವಾಲಿಕೊಂಡಿತ್ತು, ಅದಕ್ಕಿದ್ದದ್ದು ಎರಡೇ ಎಲೆ, ಅದರಲ್ಲೂ ಒಂದು ಹುಳ ತಿಂದದ್ದು. ಸೊಟ್ಟಗಿನದ್ದನ್ನು ಎತ್ತಿಕೊಂಡು ಗೋಡೆಯ ಆಚೆ ಕೊಟ್ಟೆ. ನನ್ನ ಧಾರಾಳತನದ ಬಗ್ಗೆ ಆ ದಿನ ನನಗೆ ಹೆಮ್ಮೆಯೂ ಆಗಿತ್ತು. ಬಾಯಮ್ಮ ಅದನ್ನು ಕೂಸನ್ನು ಇಸಿದುಕೊಂಡ ಹಾಗೆ ಇಸಿದುಕೊಂಡರು. ಮರುದಿನ ನೋಡಿದರೆ ಗಿಡಕ್ಕೆ ಒಂದು ಕೋಲು ಕೊಟ್ಟು ಬ್ಯಾಂಡೇಜು ಬಟ್ಟೆಯಲ್ಲಿ ಸುತ್ತಿದ್ದರು. "ಪ್ಲಾಸ್ಟರ್ ಹಾಕಿದ್ದೇನೆ. ಆರು ವಾರದಲ್ಲಿ ನಡೀತದೆ ನೋಡು" ಎಂದರು.

ಐದನೆಯ ವರ್ಷ ಅವರ ಮರ ಕಾಯಿ ಬಿಟ್ಟಿತು. ನನ್ನ ಮರ ಎಲೆ ಬಿಟ್ಟಿತು.

ಎಂಥ ಎಲೆ ಎನ್ನುತ್ತೀರಿ. ದಪ್ಪ, ಕಡು ಹಸಿರು, ಒಂದೊಂದೂ ಮೊಣಕೈ ಉದ್ದ. ಗಾತ್ರದಲ್ಲಿ ನನ್ನದು ಅವರ ಮರದ ಒಂದೂವರೆ ಪಾಲು. ಬಂದವರೆಲ್ಲ ಎಷ್ಟು ಚೆಂದದ ಮರ ಎನ್ನುತ್ತಿದ್ದರು, ಆಮೇಲೆ ತಲೆ ಎತ್ತಿ ಕಾಯಿ ಹುಡುಕುತ್ತಿದ್ದರು, ಆಮೇಲೆ ಮಾತು ಬದಲಿಸುತ್ತಿದ್ದರು. ಮೇ ತಿಂಗಳಿನಲ್ಲಿ ನಾನು ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಹೋಗಿ ಬಾಯಮ್ಮನ ಮರದ ಹಣ್ಣುಗಳನ್ನು ಎಣಿಸುತ್ತಿದ್ದೆ. ಒಂದು ವರ್ಷ ನೂರ ನಲವತ್ತರವರೆಗೆ ಎಣಿಸಿ, ಇನ್ನೊಂದು ಬದಿಗೆ ಹೋಗಲು ಮನಸ್ಸಾಗದೆ ಇಳಿದು ಬಂದೆ. ಅದೇ ವರ್ಷ ನನ್ನ ಮರದಲ್ಲಿದ್ದದ್ದು ಮೂರು. ಒಂದನ್ನು ಅಳಿಲು ತಿಂದಿತ್ತು, ಉಳಿದೆರಡು ಹಣ್ಣಾಗುವ ಮೊದಲೇ ಕೊಳೆತು ಉದುರಿದವು.

ಒಂದೇ ತಾಯಿಮರ, ಒಂದೇ ಮಣ್ಣು, ಒಂದೇ ಮಳೆ. ಜಮೀನು ನೋಡಿಕೊಂಡು ಬಂದ ಗುತ್ತಿನ ಮನೆಯವಳು ನಾನು. ಬಾಯಮ್ಮ ಮರುಭೂಮಿಯಲ್ಲಿ ಆಸ್ಪತ್ರೆಯ ನೆಲ ತುಳಿದು ಬಂದವರು. ಇದು ಯಾವ ನ್ಯಾಯ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಅಮ್ಮ. ಪ್ರತಿವರ್ಷ ಬಾಯಮ್ಮ ಮೊದಲ ಹಣ್ಣನ್ನು ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಒಪ್ಪಿಸಿ, ಎರಡನೆಯದನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಮರದ ತವರುಮನೆ ನಿಮ್ಮದಲ್ಲವೇ ಎಂದು ಅಮ್ಮನ ಕೈಯಲ್ಲಿಡುತ್ತಿದ್ದರು. ಅಮ್ಮ ಗೊರಟನ್ನೂ ಬಿಡದೆ ಚೀಪಿ, "ಇದು ನಮ್ಮ ಅಂಗಳದ್ದೇ" ಎಂದು ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದಳು. ನಾನೂ ಒಂದು ಹೋಳು ತಿನ್ನುತ್ತಿದ್ದೆ. ಅಷ್ಟು ರುಚಿಯಾದದ್ದು ಗಂಟಲಲ್ಲಿ ಇಳಿಯದೆ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮ್ಮ ಇರುವಾಗ ನನ್ನ ಮರದ ಒಂದು ಹಣ್ಣನ್ನು, ನನ್ನ ಕೈಯಿಂದ ಸಿಪ್ಪೆ ತೆಗೆದು, ಅವಳಿಗೆ ತಿನ್ನಿಸಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಹಾಗಾಗಿ ನಾನು ಮರವನ್ನು ಸಾಕಲು ಶುರುಮಾಡಿದೆ. ನನ್ನ ಗಂಡನಿಗೆ ಬಂದರಿನಲ್ಲಿ ಒಂದು ಸಣ್ಣ ಹೋಟೆಲಿದೆ, ಮೀನಿನ ಊಟಕ್ಕೆ ಹೆಸರು. ದಿನಾ ಮಧ್ಯಾಹ್ನ ಸ್ಕೂಟರಿನಲ್ಲಿ ಒಂದು ಬಕೆಟ್ ಬೂತಾಯಿ ಮೀನಿನ ತಲೆ ತರಲೇಬೇಕು ಎಂದು ಅವರಿಗೆ ಕಟ್ಟಪ್ಪಣೆ ಮಾಡಿದೆ. ಮರದ ಸುತ್ತ ಹೊಂಡ ತೆಗೆದು ಹೂಳುತ್ತಿದ್ದೆ. ಮನೆಯ ಮೀನು ತೊಳೆದ ನೀರು, ಅಕ್ಕಿ ತೊಳೆದ ನೀರು, ಬಾವಿಯ ನೀರು, ಎಲ್ಲ ಅದಕ್ಕೇ. ಮಳೆ ನಿಂತ ದಿನದಿಂದ ಮತ್ತೆ ಮಳೆ ಹಿಡಿಯುವ ದಿನದವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಸ್ಕೂಟರಿನ ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ನನ್ನ ಗಂಡನನ್ನು ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದವು.

ಇಷ್ಟಾದರೂ ಆಗದಿದ್ದಾಗ ಅಮ್ಮ ಹಳೆಯ ಕ್ರಮವೊಂದನ್ನು ನೆನಪಿಸಿದಳು. ಕಾಯಿ ಬಿಡದ ಮರವನ್ನು ಹೆದರಿಸುವುದು. ಒಬ್ಬರು ಕತ್ತಿ ಹಿಡಿದು ಮರದ ಬುಡಕ್ಕೆ ಮೂರು ಸಲ ಮೆಲ್ಲಗೆ ತಾಗಿಸಿ, ಈ ವರ್ಷವೂ ಬಿಡದ ಮರ ಎಂತಕ್ಕೆ, ಕಡಿದು ಹಾಕ್ತೇನೆ ಎಂದು ಗದರಬೇಕು. ಇನ್ನೊಬ್ಬರು ಓಡಿ ಬಂದು ಕೈ ಹಿಡಿದು, ಬೇಡ, ಬರುವ ವರ್ಷ ಬಿಡ್ತದೆ ಎಂದು ಜಾಮೀನು ನಿಲ್ಲಬೇಕು. ಜಾಮೀನು ನಿಲ್ಲುವವರಿಲ್ಲದೆ ಗದರಬಾರದು, ಹಾಗೆ ಮಾಡಿದರೆ ಮರ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ ಎಂದು ಅಮ್ಮನ ನಂಬಿಕೆ. ಸಂಕ್ರಮಣದ ಬೆಳಿಗ್ಗೆ ಗಂಡನಿಗೆ ಜಾಮೀನಿನ ಪಾಠ ಹೇಳಿಕೊಟ್ಟು ನಾನು ಕತ್ತಿ ಹಿಡಿದು ಹಿತ್ತಲಿಗೆ ಹೋದೆ. ಅಮ್ಮ ಕಿಟಕಿಯಲ್ಲಿ ಕುಳಿತಿದ್ದಳು. ನಾನು ಒಂದು ಸಲ ತಾಗಿಸಿದೆ, ಎರಡು ಸಲ ತಾಗಿಸಿದೆ, ಗಂಡನ ಸುದ್ದಿಯಿಲ್ಲ. ಬಂದರಿನಿಂದ ಫೋನು ಬಂದು ಅವರು ಗೇಟಿನಾಚೆ ಯಾರಿಗೋ ಅಂಜಲ್ ಮೀನಿನ ಲೆಕ್ಕ ಹೇಳುತ್ತಿದ್ದರು. ನಾನು ಕತ್ತಿ ಎತ್ತಿಕೊಂಡೇ ನಿಂತೆ. ಮೂರನೆಯದನ್ನು ತಾಗಿಸುವಂತಿಲ್ಲ, ಇಳಿಸುವಂತೆಯೂ ಇಲ್ಲ.

ಆಗ ಗೋಡೆಯ ಆಚೆಯಿಂದ ಬಾಯಮ್ಮನ ತಲೆ ಮೇಲೆ ಬಂತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದ್ದರು.

"ಬೇಡ ಬೇಡ ಮಾರಾಯ್ತಿ, ಕತ್ತಿ ಇಳಿಸು. ಅದು ಬಿಡ್ತದೆ. ನಾನು ಗ್ಯಾರಂಟಿ ನಿಲ್ತೇನೆ."

ಅಮ್ಮ ಕಿಟಕಿಯಿಂದ ಚಪ್ಪಾಳೆ ತಟ್ಟಿದಳು. ಸರಿಯಾದ ಜಾಮೀನು ಸಿಕ್ಕಿತು ಎಂದು ಅವಳಿಗೆ ಸಂತೋಷ. ನನಗೆ ಮಾತ್ರ, ನನ್ನ ಮರಕ್ಕೆ ಜಾಮೀನು ನಿಲ್ಲಲು ಇಡೀ ಬಿಕರ್ನಕಟ್ಟೆಯಲ್ಲಿ ಇವರೇ ಆಗಬೇಕಿತ್ತೇ ಅನ್ನಿಸಿತು.

ಬಾಯಮ್ಮ ಅದನ್ನು ಆಟವೆಂದು ಮರೆಯಲಿಲ್ಲ. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಅವರ ತುಳುವಿನಲ್ಲಿ ಅರ್ಧ ಕೊಂಕಣಿಯೇ ಇರುತ್ತಿದ್ದುದರಿಂದ ನಮ್ಮ ನಡುವೆ ನಡೆಯುತ್ತಿದ್ದದ್ದು ಕನ್ನಡ, ಅದೂ ರೋಗಿಯನ್ನು ಹಾಸಿಗೆಯಿಂದ ಎಬ್ಬಿಸುವ ವಾರ್ಡಿನ ಕನ್ನಡ. ಆ ದಿನದಿಂದ ಅವರು ಗೋಡೆಯಾಚೆಯಿಂದ ನನ್ನ ಮರದ ಊಟ ತಿಂಡಿ ವಿಚಾರಿಸಲು ತೊಡಗಿದರು. ಅವರ ಮರಕ್ಕೆ ಒಂದು ಕೇಸ್‌ಶೀಟೇ ಇತ್ತು. ಹಳೆಯ ಎಕ್ಸ್‌ರೇ ಕವರಿನಲ್ಲಿ ಹಾಕಿ ಹಿತ್ತಲ ಬಾಗಿಲಿಗೆ ನೇತುಹಾಕಿದ್ದರು. ಯಾವ ದಿನ ಹೂ ಮೂಡಿತು, ಯಾವ ದಿನ ಮೋಡ ಕವಿದಿತ್ತು, ಹೂವಿನ ಮೇಲೆ ಮಂಜು ಬಿದ್ದು ಎಷ್ಟು ಕಪ್ಪಾಯಿತು, ಎಲ್ಲ ಅದರಲ್ಲಿ. ಅವರ ಮರವೂ ಕೆಲವು ವರ್ಷ ಕೈಕೊಡುತ್ತಿತ್ತು. ಆದರೆ ಅವರಿಗೆ ಪ್ರತಿ ಸಲವೂ ಕಾರಣ ಗೊತ್ತಿರುತ್ತಿತ್ತು. ಹೋದ ವರ್ಷ ಸಿಕ್ಕಾಪಟ್ಟೆ ಹೆತ್ತಿದೆ, ಈ ವರ್ಷ ಬಾಣಂತನ ಎನ್ನುತ್ತಿದ್ದರು. ಇಲ್ಲವಾದರೆ, ಜನವರಿಯಲ್ಲಿ ಎರಡು ದಿನ ಅಕಾಲ ಮಳೆ ಬಂತಲ್ಲ, ಅಲ್ಲಿಗೆ ಮುಗಿಯಿತು ಎನ್ನುತ್ತಿದ್ದರು.

ನನ್ನ ಮರದ ವಿಷಯದಲ್ಲಿ ಅವರು ಒಂದೇ ಸಲಹೆ ಕೊಟ್ಟದ್ದು.

"ಪರ್ಬ ಕಳೆದ ಮೇಲೆ ನೀರು ನಿಲ್ಲಿಸು. ಕಾಯಿ ಕಡಲೆಯಷ್ಟು ಆಗುವವರೆಗೆ ಒಂದು ಚೊಂಬು ಸಹ ಹಾಕಬೇಡ. ಮತ್ತೆ ಆ ಮೀನು ಎಂತಕ್ಕೆ? ಹಸಿವೆ ಇಲ್ಲ, ಬಾಯಾರಿಕೆ ಇಲ್ಲ, ಅಂಥ ಮರಕ್ಕೆ ಮಕ್ಕಳ ಯೋಚನೆ ಎಲ್ಲಿಂದ ಬರಬೇಕು?"

ದೀಪಾವಳಿಯಿಂದ ಹಿಡಿದು ಮೂರು ತಿಂಗಳು ಮರವನ್ನು ಒಣಗಿಸಬೇಕಂತೆ. ನನಗೆ ನಗು ಬಂತು. ಇವರ ಗುಟ್ಟು ಬೇರೆ ಏನೋ ಇದೆ, ಅದನ್ನು ಮುಚ್ಚಿಟ್ಟು ನನ್ನ ಮರಕ್ಕೆ ಉಪವಾಸ ಹಾಕಿಸುತ್ತಿದ್ದಾರೆ ಎಂದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಪಕ್ಕದ ಹಿತ್ತಲಿನಿಂದ ಬಂದ ಮಾತಂತೂ ಅಲ್ಲವೇ ಅಲ್ಲ. ಆ ಸಂಜೆ ಅವರಿಗೆ ಕಾಣುವ ಹಾಗೆ ಎರಡು ಕೊಡಪಾನ ಹೆಚ್ಚಿಗೆ ಸುರಿದೆ. ಬಾಯಮ್ಮ ನೋಡಿದರು, ತಮ್ಮ ಗಡಿಯಾರವನ್ನು ನೋಡಿಕೊಂಡರು, ಒಳಗೆ ಹೋದರು.

ಹೀಗೆ ವರ್ಷಗಳು ಹೋದವು. ಎಂಬತ್ತು ದಾಟಿದ ಅಮ್ಮ ಹಾಸಿಗೆ ಹಿಡಿದಳು. ಹೃದಯ ದುರ್ಬಲವಾಗಿದೆ, ನೀವು ನೋಡಿಕೊಳ್ಳುತ್ತಿರುವುದಕ್ಕಿಂತ ಹೆಚ್ಚೇನೂ ಮಾಡುವುದಕ್ಕಿಲ್ಲ ಎಂದರು ಡಾಕ್ಟರು. ಆ ಜನವರಿಯಲ್ಲಿ ನನ್ನ ಮರದ ಒಂದು ಕೊಂಬೆಯಲ್ಲಿ ಏಳು ಗೊಂಚಲು ಹೂ ಬಂತು. ಅಮ್ಮನ ಕಿಟಕಿಗೆ ಸರಿಯಾಗಿ ಎದುರಿನ ಕೊಂಬೆ. ಅವಳು ದಿನಾ ಬೆಳಿಗ್ಗೆ ಎದ್ದು ಏಳನ್ನೂ ಎಣಿಸುತ್ತಿದ್ದಳು. ಗೋಡೆಯ ಆಚೆ ಬಾಯಮ್ಮನ ಮರದಲ್ಲಿ ಎಲೆ ಕಾಣದಷ್ಟು ಹೂ.

ನಾಲ್ಕು ದಿನ ಕಳೆದು ನೋಡುತ್ತೇನೆ, ನನ್ನ ಏಳು ಗೊಂಚಲಿಗೂ ಜಿಗಿಹುಳ. ಮುಟ್ಟಿದರೆ ಕೈಗೆ ಅಂಟು. ಮದ್ದಿನ ಅಂಗಡಿಯವನು, ಹೂ ಅರಳಿದ ಮೇಲೆ ಹೊಡೆಯಬೇಡಿ, ಹೊಡೆಯುವುದೇ ಆದರೆ ಅಳತೆ ಮೀರಬೇಡಿ ಎಂದಿದ್ದ. ನಾನು ಅಳತೆಯ ಎರಡರಷ್ಟು ಕಲಸಿಸಿದೆ. ಪಂಪು ತಂದವನು ಮಧ್ಯಾಹ್ನ ಬಂದ. ಕಡಲ ಕಡೆಯಿಂದ ಗಾಳಿ ಎದ್ದಿತ್ತು. ಬಾಯಮ್ಮನ ಮನೆ ನಮ್ಮಿಂದ ಮೂಡಣಕ್ಕೆ. "ಗಾಳಿ ಆಚೆ ಮನೆಗೆ ಹೋಗ್ತದೆ ಅಕ್ಕ. ನಾಳೆ ಬೆಳಿಗ್ಗೆ ಬೇಗ ಬಂದು ಮಾಡ್ತೇನೆ" ಎಂದ ಅವನು. ನಾನು ಗೋಡೆಯ ಮೇಲೆ ಚಾಚಿಕೊಂಡಿದ್ದ ಆ ಹೂವಿನ ರಾಶಿಯನ್ನು ನೋಡಿದೆ.

"ಹೋಗಲಿ. ನೀನು ಹೊಡಿ" ಎಂದೆ.

ಆ ಎರಡು ಮಾತನ್ನು ಆಡಿದ್ದು ನಾನೇ. ಅವನು ಕೆಲಸ ಮಾಡಿ ಹೋದ.

ನಮ್ಮ ಎರಡು ಮನೆಗಳ ನಡುವಿನ ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲಿ ಮುಜಂಟಿ ಗೂಡು ಇತ್ತು. ಕಚ್ಚದ, ನೊಣಕ್ಕಿಂತ ಸಣ್ಣ ಜೇನು. ಕಲ್ಲಿನಿಂದ ಹೊರಗೆ ಮೇಣದ ಒಂದು ಚಿಕ್ಕ ಕೊಳವೆ ಕಾಣುತ್ತಿತ್ತು, ಅದರ ಬಾಯಲ್ಲಿ ಸದಾ ನಾಲ್ಕೈದು ಕಾವಲು. ಹೂವು ಕಾಯಿಯಾಗುವುದು ಇವುಗಳ ಕಾಲಿನಿಂದ ಎಂದು ಬಾಯಮ್ಮ ಆಗಾಗ ಹೇಳುವುದಿತ್ತು. ಮದ್ದು ಹೊಡೆಸಿದ ಮರುದಿನ ಬೆಳಿಗ್ಗೆ ಅವರು ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಏನನ್ನೋ ಆಯುತ್ತಿದ್ದರು. ಎದ್ದು ನಿಂತಾಗ ಅಂಗೈ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ಕಾಳುಗಳು. ನಾನು ಕಿಟಕಿಯಿಂದ ಸರಿಯುವುದರೊಳಗೆ ನನ್ನನ್ನು ಕಂಡರು.

ಮದ್ದು ಹೊಡೆಸಿದೆಯಾ ಎಂದು ಕೇಳಿದರು.

ಇಲ್ಲ ಎಂದೆ.

ಅವರು ತಲೆಯಾಡಿಸಿದರು. ಕೈಯಲ್ಲಿದ್ದದ್ದನ್ನು ಚೆಲ್ಲಲಿಲ್ಲ. ಕೇಸ್‌ಶೀಟಿನಿಂದ ಒಂದು ಕಾಗದ ಹರಿದು, ಅದರಲ್ಲಿ ಪೊಟ್ಟಣ ಕಟ್ಟಿ ಒಳಗೆ ಒಯ್ದರು.

ಆ ವಾರ ಮೋಡವೂ ಕವಿಯಿತು. ಎಲ್ಲವೂ ಮದ್ದಿನದ್ದೇ ಕೆಲಸ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎರಡು ಹಿತ್ತಲಿನಲ್ಲೂ ಹೂ ಕರಕಾಗಿ ಉದುರಿತು. ಆ ಮೇ ತಿಂಗಳಿನಲ್ಲಿ ನನ್ನ ಮರದಲ್ಲಿ ಒಂದು ಹಣ್ಣಿಲ್ಲ, ಬಾಯಮ್ಮನ ಮರದಲ್ಲಿ ಒಂದು ಹಣ್ಣಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ನನಗೆ ಮೊದಲೂ ಗೊತ್ತಿತ್ತು. ನಾನು ಮಾಡಿದ್ದನ್ನು ನನ್ನ ಅಮ್ಮ ಉಣ್ಣಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ. ಗಂಡ ಮಾರುಕಟ್ಟೆಯಿಂದ ಒಳ್ಳೆಯ ಹಣ್ಣನ್ನೇ ಆರಿಸಿ ತಂದರು. ಅಮ್ಮ ಒಂದು ಹೋಳು ಬಾಯಿಗಿಟ್ಟು ತಟ್ಟೆಯನ್ನು ದೂಡಿದಳು. ಪಕ್ಕದ ಮನೆಯ ಹಣ್ಣು ಯಾಕೆ ಬಂದಿಲ್ಲ ಎಂದು ದಿನಾ ಕೇಳುತ್ತಿದ್ದಳು.

ಒಂದು ಸಂಜೆ ಬಾಯಮ್ಮ ಅವಳನ್ನು ನೋಡಲು ಬಂದಾಗ ಅವರನ್ನೇ ಕೇಳಿದಳು. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ. ಬಾಯಮ್ಮ ಅಮ್ಮನ ಮಣಿಕಟ್ಟು ಹಿಡಿದು, ಗಲ್ಲ ತಗ್ಗಿಸಿ ಗಡಿಯಾರ ನೋಡುತ್ತ, ಅರ್ಧ ನಿಮಿಷ ಪೂರ್ತಿ ಎಣಿಸಿ ಮುಗಿಸಿದರು.

"ಈ ವರ್ಷ ನನ್ನ ಮರ ಬಾಣಂತಿ ಅಮ್ಮ. ಹೋದ ವರ್ಷ ಎಷ್ಟು ಹೆತ್ತಿದೆ, ನೀವೇ ತಿಂದಿದ್ದೀರಲ್ಲ? ಅದಕ್ಕೂ ರೆಸ್ಟ್ ಬೇಡವಾ?"

ಅಮ್ಮ ನಕ್ಕಳು. ಹೌದು, ಪಾಪ, ಮಲಗಲಿ ಎಂದಳು. ಬಾಯಮ್ಮ ನನ್ನ ಕಡೆಗೆ ನೋಡಲೇ ಇಲ್ಲ. ನನ್ನ ಕೈಯಿಂದ ಕಾಫಿ ತೆಗೆದುಕೊಂಡು ಕುಡಿದು, ಸಕ್ಕರೆ ಹೆಚ್ಚಾಯಿತು ಎಂದು ಹೇಳಿ ಹೋದರು. ಆಟಿ ತಿಂಗಳ ಮಳೆಯಲ್ಲಿ ಅಮ್ಮ ತೀರಿಕೊಂಡಳು. ಅವಳ ಕೊನೆಯ ಬೇಸಗೆ ನಮ್ಮ ಅಂಗಳದ ಹಣ್ಣಿಲ್ಲದೆ ಹೋಯಿತು.

ಉತ್ತರಕ್ರಿಯೆ ಮುಗಿದು ಮಳೆ ಸ್ವಲ್ಪ ಬಿಟ್ಟ ಮೇಲೆ ಬಾಯಮ್ಮ ಒಂದು ಮಣ್ಣಿನ ಕುಡಿಕೆಯನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು. ಬಾಯಿಗೆ ಬಟ್ಟೆ ಕಟ್ಟಿತ್ತು. ಒಳಗೆ ಮುಜಂಟಿಯ ಹೊಸ ಗೂಡು. ಬಜಪೆಯ ಕಡೆ ಸಾಕುವವರೊಬ್ಬರಿಂದ ತರಿಸಿದ್ದಂತೆ, ನಿನ್ನ ಅಮ್ಮನ ಊರಿನದ್ದು ಎಂದರು. ಅದನ್ನು ನನ್ನ ಅಡುಗೆಮನೆಯ ಮಾಡಿನ ಕೆಳಗೆ, ಕಿಟಕಿಯ ಪಕ್ಕದಲ್ಲೇ ತೂಗಿಸಬೇಕೆಂದು ಕೇಳಿದರು. ನಾನು ಗಾಬರಿಯಾಗಿ, ನಿಮ್ಮಲ್ಲೇ ಇಟ್ಟುಕೊಳ್ಳಿ ಬಾಯಮ್ಮ, ನಿಮಗೆ ಇದೆಲ್ಲ ಗೊತ್ತಿದೆ ಎಂದೆ.

"ನನ್ನ ಹತ್ತಿರ ಇದ್ದರೆ ನನಗೆ ಹೆದರಿಕೆ. ನಿನ್ನ ಹತ್ತಿರ ಇದ್ದರೆ ಸೇಫ್."

ಇಷ್ಟೇ ಹೇಳಿದ್ದು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಅವರ ದನಿಯಲ್ಲಿ ಹೊಡೆಯುವ ಉದ್ದೇಶವೇ ಇರಲಿಲ್ಲ, ಮಾತ್ರೆ ಎಲ್ಲಿಡಬೇಕೆಂದು ಹೇಳುವ ದನಿ ಅದು. ಹಗ್ಗ ಕೇಳಿದರು, ಕೊಟ್ಟೆ. ಸ್ಟೂಲು ಹಿಡಿದುಕೊಂಡೆ. ಅವರು ಹತ್ತಿ ಕಟ್ಟಿದರು.

ಆ ವರ್ಷ ಪರ್ಬ ಕಳೆದ ಮೇಲೆ ನಾನು ನೀರು ನಿಲ್ಲಿಸಿದೆ. ಬೂತಾಯಿ ತಲೆ ಬೇಡ ಎಂದಾಗ ನನ್ನ ಗಂಡ ಕಾರಣ ಕೇಳುವ ಸಾಹಸಕ್ಕೆ ಹೋಗದೆ ಸ್ಕೂಟರು ತೊಳೆದರು. ನೀರು ಹಾಕದೆ ಇರುವುದು ಹಾಕುವುದಕ್ಕಿಂತ ಕಷ್ಟ. ಸಂಜೆಯಾದರೆ ಕೈ ತಾನಾಗಿ ಕೊಡಪಾನದ ಕಡೆ ಹೋಗುತ್ತಿತ್ತು. ಮೊದಲ ವರ್ಷ ಏನೂ ಆಗಲಿಲ್ಲ. ಹತ್ತು ವರ್ಷದ ಕೊಬ್ಬು ಇಳಿಯಲು ಸಮಯ ಬೇಡವೇ ಎಂದರು ಬಾಯಮ್ಮ. ಅವರ ಮರ ಮಾತ್ರ ಎಂದಿನಂತೆ ಬಿಟ್ಟಿತು. ನಾನು ತಾರಸಿಗೆ ಹೋಗಿ ಎಣಿಸಿದೆ. ಪಶ್ಚಾತ್ತಾಪ ಬಂದ ಕೂಡಲೇ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂ ಒಂದೇ ಹೊಟ್ಟೆಯಲ್ಲಿ ಆರಾಮವಾಗಿ ಇರುತ್ತವೆ.

ಎರಡನೆಯ ವರ್ಷದ ಡಿಸೆಂಬರಿನಲ್ಲಿ ನನ್ನ ಮರ ಮೈತುಂಬ ಹೂ ಬಿಟ್ಟಿತು. ಆ ವರ್ಷ ಬಾಯಮ್ಮನ ಮರಕ್ಕೆ ಬಾಣಂತನ. ಬಾಯಮ್ಮನಿಗೆ ಹೊಟ್ಟೆಯ ಕಾಯಿಲೆ. ತಿಂಗಳುಗಟ್ಟಲೆ ಆಸ್ಪತ್ರೆ, ಆಮೇಲೆ ಇನ್ನು ಸಾಕು ಎಂದು ಅವರೇ ಹೇಳಿ ಮನೆಗೆ ಬಂದರು. ಎಷ್ಟು ದಿನ ಎಂಬ ಲೆಕ್ಕ ಡಾಕ್ಟರಿಗಿಂತ ಅವ‌ರಿಗೇ ಚೆನ್ನಾಗಿ ಗೊತ್ತಿತ್ತು. ಮೇ ತಿಂಗಳಿನಲ್ಲಿ ಮೊದಲ ಹಣ್ಣು ಹಳದಿಯಾದಾಗ ಕೊಯ್ದು, ತಟ್ಟೆಯಲ್ಲಿಟ್ಟುಕೊಂಡು ಹೋದೆ. ಅಮ್ಮನಿಗೆ ತೆಗೆಯಬೇಕೆಂದಿದ್ದ ಸಿಪ್ಪೆಯನ್ನು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ತೆಗೆದೆ. ಚಿಕ್ಕ ಚಿಕ್ಕ ಹೋಳು ಮಾಡಿ ಬಾಯಿಗಿಟ್ಟೆ. ಅವರು ಕಣ್ಣು ಮುಚ್ಚಿ ನಿಧಾನವಾಗಿ ತಿಂದರು. ಮೂರು ಹೋಳು ತಿಂದಾದ ಮೇಲೆ ಕಣ್ಣು ತೆರೆದರು.

"ಒಳ್ಳೆದುಂಟು. ಆದರೆ ನನ್ನದು ಇನ್ನೂ ಒಂದು ಪಾಯಿಂಟ್ ಸಿಹಿ."

ಸಾಯಲು ಮಲಗಿದವರ ಮೇಲೆ ನನಗೆ ಆ ಕ್ಷಣ ಉರಿದ ಉರಿಯನ್ನು ಏನೆಂದು ಹೇಳಲಿ. ಮುಖದಲ್ಲಿ ಕಂಡಿರಬೇಕು. ಬಾಯಮ್ಮ ನಗತೊಡಗಿದರು, ನಕ್ಕು ನಕ್ಕು ಕೆಮ್ಮು ಬಂತು, ನಾನು ಬೆನ್ನು ನೀವಿದೆ. ನೀವುತ್ತಿರುವಾಗಲೇ, ಅವರ ಮುಖ ನನಗೆ ಕಾಣದಿದ್ದ ಧೈರ್ಯದಲ್ಲಿ, ಆ ವರ್ಷ ಮದ್ದು ಹೊಡೆಸಿದ್ದು ನಾನೇ ಬಾಯಮ್ಮ ಎಂದೆ.

ಗೊತ್ತಿದೆ ಎಂದರು. ಆ ದಿನ ಒಣಗಲು ಹಾಕಿದ್ದ ಬಟ್ಟೆಯೆಲ್ಲ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ, ಎರಡು ಸಲ ಒಗೆಯಬೇಕಾಯಿತಂತೆ. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ, ಅಮ್ಮನ ಎದುರಿಗೆ ಯಾಕೆ ಮುಚ್ಚಿದಿರಿ ಎಂದು ಕೇಳಿದೆ. ಅವರು ತಿರುಗಿ ದಿಂಬಿಗೆ ಒರಗಿದರು.

"ಹೇಳಿದ್ದರೆ ಸಿಟ್ಟಿನಲ್ಲಿ, ನಾಚಿಕೆಯಲ್ಲಿ ನೀನು ನಿನ್ನ ಮರ ಕಡಿದು ಹಾಕ್ತಿದ್ದೆ. ನನಗೆ ನಿನ್ನ ಗುಣ ಗೊತ್ತುಂಟು. ನಾನು ಅದಕ್ಕೆ ಗ್ಯಾರಂಟಿ ನಿಂತವಳಲ್ವಾ ಮಾರಾಯ್ತಿ?"

ಮಳೆ ಶುರುವಾಗಿ ಹತ್ತು ದಿನಕ್ಕೆ ಅವರು ಹೋದರು. ಶವಪೆಟ್ಟಿಗೆಯಲ್ಲಿ ಮಲಗಿಸುವಾಗ ಅವರ ತಮ್ಮನ ಹೆಂಡತಿ ಮರೆಯದೆ ಗಡಿಯಾರವನ್ನು ಸೀರೆಗೆ ಪಿನ್ನು ಮಾಡಿದ್ದಳು, ಆದರೆ ನಮಗೆಲ್ಲ ನೆಟ್ಟಗೆ ಕಾಣುವ ಹಾಗೆ. ನಾನು ಹತ್ತಿರ ಹೋಗಿ, ಪಿನ್ನು ಬಿಚ್ಚಿ, ಅದನ್ನು ತಲೆಕೆಳಗೆ ಮಾಡಿ ಚುಚ್ಚಿದೆ. ಮುಳ್ಳು ಓಡುತ್ತಿತ್ತು.

ಇನ್ನು ಹೇಳಬೇಕಾದದ್ದನ್ನು ಹೇಳದೆ ಬಿಡಬಹುದಿತ್ತು, ಆದರೆ ಬಾಯಮ್ಮನ ವಿಷಯ ಬರೆಯುವಾಗ ನನ್ನ ಕೇಸ್‌ಶೀಟನ್ನೂ ಪೂರ್ತಿ ಬರೆಯಬೇಕು. ಅವರು ಹೋದ ಮೇಲೆ ತಮ್ಮನ ಹೆಂಡತಿ ಅತ್ತಿಗೆಯ ನೆನಪಿಗೆಂದು ಆ ಮರಕ್ಕೆ ನೀರು ಹಾಕಲು ಶುರುಮಾಡಿದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಪೈಪು ಹಿಡಿದು, ಕೆಲವು ಸಲ ಕಣ್ಣು ಒರೆಸಿಕೊಳ್ಳುತ್ತ. ಪರ್ಬ ಬಂತು, ಹೋಯಿತು, ಡಿಸೆಂಬರ್ ಬಂತು, ನೀರು ನಿಲ್ಲಲಿಲ್ಲ. ಮರ ಕಡು ಹಸಿರಾಗಿ ಮೊಣಕೈ ಉದ್ದದ ಎಲೆ ಬಿಟ್ಟಿತು. ಬಾಯಮ್ಮ ಇದ್ದಾಗ ಒಮ್ಮೆಯೂ ಬಿಡದಂಥ ಎಲೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೋಗಿ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮೇ ತಿಂಗಳಿನಲ್ಲಿ ನನ್ನ ಮರದಲ್ಲಿ ಅರುವತ್ತು ಹಣ್ಣು, ಆ ಮರದಲ್ಲಿ ಒಂದೂ ಇಲ್ಲ. ಒಂದು ತಟ್ಟೆ ಹಣ್ಣನ್ನು ನಾನು ಅವರ ಮನೆಗೆ ಕೊಟ್ಟು ಬಂದೆ. ಕೊಡುವ ಕೈಯ ಸುಖ ಎಂಥದ್ದೆಂದು ಅಷ್ಟು ವರ್ಷ ಬಾಯಮ್ಮನಿಗೆ ಗೊತ್ತಿತ್ತಲ್ಲ, ನನಗೂ ಗೊತ್ತಾಗಲಿ ಎಂದು ಸಮಜಾಯಿಷಿ ಮಾಡಿಕೊಂಡೆ. ಅದರ ಮುಂದಿನ ವರ್ಷವೂ ಹೀಗೆಯೇ ಬಾಯಿ ಮುಚ್ಚಿಕೊಂಡು ಕಳೆದೆ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಗೋಡೆಯ ಆಚೆ ಹಗ್ಗ ಎಳೆಯುವ ಸದ್ದು ಕೇಳಿತು. ನೋಡಿದರೆ ಒಬ್ಬನು ಯಂತ್ರದ ಗರಗಸ ಹಿಡಿದುಕೊಂಡು ಬಾಯಮ್ಮನ ಮರದ ಕೆಳಗೆ ನಿಂತಿದ್ದಾನೆ. ಇನ್ನೊಬ್ಬ ಮೇಲಿನ ಕೊಂಬೆಗೆ ಹಗ್ಗ ಬಿಗಿಯುತ್ತಿದ್ದಾನೆ. ತಮ್ಮನ ಹೆಂಡತಿ ಸೆರಗು ಬಾಯಿಗೆ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಎರಡು ವರ್ಷದಿಂದ ಒಂದು ಹಣ್ಣಿಲ್ಲ, ಮಾಡಿನ ಹಂಚಿನ ಸಂದಿಯಲ್ಲೆಲ್ಲ ಎಲೆ, ಬಾಯಮ್ಮನೊಟ್ಟಿಗೆ ಅದರ ಆಯುಷ್ಯವೂ ಮುಗಿಯಿತು ಅಕ್ಕ, ಅವರಿಲ್ಲದೆ ಅದು ಬಿಡುವುದಿಲ್ಲ ಎಂದಳು.

ಗರಗಸ ಒಮ್ಮೆ ಸದ್ದು ಮಾಡಿ ನಿಂತಿತು. ಹಿಡಿದವನು ಅದರ ದಾರವನ್ನು ಮತ್ತೊಮ್ಮೆ ಎಳೆಯಲು ಬಗ್ಗಿದ. ಇದು ಹೆದರಿಸುವ ಆಟವಲ್ಲ. ಇಲ್ಲಿ ಅಮ್ಮ ಕಿಟಕಿಯಲ್ಲಿಲ್ಲ, ಓಡಿ ಬಂದು ಕೈ ಹಿಡಿಯುವವರು ಯಾರೂ ಇಲ್ಲ. ಆ ಮರ ಹೋದರೆ ಬಜಪೆಯ ಅಂಗಳದ್ದು ಎಂದು ಉಳಿಯುವುದು ನನ್ನದೊಂದೇ. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಅದೇ ತಾನೇ ಎಂದು ಒಂದು ಗಳಿಗೆ ಯೋಚಿಸಿದೆ ಎಂಬುದನ್ನೂ ಬರೆದುಬಿಡುತ್ತೇನೆ.

ಗೇಟು ಸುತ್ತಿ ಹೋಗಲು ಪುರುಸೊತ್ತಿರಲಿಲ್ಲ. ಒಗೆಯುವ ಕಲ್ಲು ಇದ್ದದ್ದು ಅವರ ಕಡೆಗೆ. ನಾನು ಕೊಡಪಾನ ಕವುಚಿ ಹಾಕಿ ಅದರ ಮೇಲೆ ಹತ್ತಿದೆ.

"ಬೇಡ, ಕಡಿಸಬೇಡ. ಅದು ಬರುವ ವರ್ಷ ಬಿಡ್ತದೆ. ನಾನು ಗ್ಯಾರಂಟಿ ನಿಲ್ತೇನೆ."

ಗರಗಸದವನು ನನ್ನನ್ನು ನೋಡಿದ, ಅವಳನ್ನು ನೋಡಿದ. ಅವಳು ಎದ್ದು ಗೋಡೆಯ ಹತ್ತಿರ ಬಂದಳು. ಪರ್ಬ ಕಳೆದ ಮೇಲೆ ನೀರು ನಿಲ್ಲಿಸಬೇಕು, ಒಂದು ಚೊಂಬು ಸಹ ಹಾಕಬಾರದು, ಕಾಯಿ ಕಡಲೆಯಷ್ಟು ಆಗುವವರೆಗೆ ಎಂದು ಅವಳಿಗೆ ಹೇಳಿಕೊಟ್ಟೆ. ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಅವಳು ನಂಬದ ಹಾಗೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವಳು ನನಗಿಂತ ಒಳ್ಳೆಯವಳು, ಹೇಳಿದ ಹಾಗೆ ಮಾಡಿದಳು.

ಈಗ ಜನವರಿ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ನನ್ನ ಮರಕ್ಕೆ ಈ ವರ್ಷ ಬಾಣಂತನ, ಎಲ್ಲ ಸೇರಿ ನಾಲ್ಕು ಗೊಂಚಲು. ಮಾಡಿನ ಕುಡಿಕೆಯಿಂದ ಮುಜಂಟಿಗಳು ಒಂದೊಂದಾಗಿ ಹೊರಗೆ ಬರುತ್ತಿವೆ. ನನ್ನ ನಾಲ್ಕು ಗೊಂಚಲಿನ ಕಡೆ ತಿರುಗಿಯೂ ನೋಡದೆ ಗೋಡೆ ದಾಟಿ ಆಚೆ ಹೋಗುತ್ತಿವೆ. ಅಲ್ಲಿ ಎಲೆ ಕಾಣದಷ್ಟು ಹೂ. ಬಾಯಮ್ಮ, ನಿಮ್ಮ ಮರ ಬಿಟ್ಟಿದೆ. ನನಗೆ ಹೊಟ್ಟೆ ಉರಿಯುತ್ತಿದೆ.